ಮಾಳಿಗೆ ಬಿಟ್ಟು ಮೋಟಾರು ಕೊಂಡದ್ದು

ನಾನು ಮದುವೆಯಾಗಿ ಚಿಕ್ಕೇರೂರಿನಿಂದ ಹಾನಗಲ್ಲಿಗೆ ಬಂದದ್ದು ಮೂವತ್ತರ ದಶಕದ ಮೊದಲಲ್ಲಿ. ನನ್ನ ಗಂಡ ಡಾಕ್ಟರು. ನಮ್ಮ ಎರಡೂ ಮನೆತನಗಳಲ್ಲಿ ಒಕ್ಕಲುತನ, ಅರಳೆ ವ್ಯಾಪಾರ ಬಿಟ್ಟು ಬೇರೆ ವಿದ್ಯೆ ಕಲಿತವರು ಅವರೊಬ್ಬರೇ. ಸಣ್ಣವರಿದ್ದಾಗ ಬಂದ ಜ್ವರದಲ್ಲಿ ಅವರ ಎಡಗಾಲು ಸೋತುಹೋಗಿತ್ತು. ಕೋಲು ಹಿಡಿದು ನಡೆಯುತ್ತಿದ್ದರು. ಸೈಕಲ್ ತುಳಿಯುವುದು, ಕುದುರೆ ಏರುವುದು ಎರಡೂ ಆಗುತ್ತಿರಲಿಲ್ಲ. ಹಳ್ಳಿಗಳಿಂದ ಕರೆ ಬಂದರೆ ಚಕ್ಕಡಿ ಕಟ್ಟಬೇಕು. ಬೇಸಗೆಯಲ್ಲಿ ಧೂಳು, ಮಳೆಗಾಲದಲ್ಲಿ ಎರೆಮಣ್ಣಿನ ಕೆಸರು. ಎತ್ತುಗಳು ಹೇಗೆ ಬರುತ್ತವೋ ಹಾಗೆ ಡಾಕ್ಟರು ಮುಟ್ಟುವುದು.

ನಮ್ಮತ್ತೆಯ ತವರು ಹಿರೇಬೆಂಡಿಗೇರಿ. ಒಂದು ಶ್ರಾವಣದಲ್ಲಿ ಅವರ ತಮ್ಮನಿಗೆ ಹೊಟ್ಟೆನೋವು ಎದ್ದು ಕರೆ ಬಂತು. ಇವರು ಕೂಡಲೇ ಹೊರಟರು, ಎತ್ತುಗಳನ್ನು ಎಲ್ಲಿಯೂ ನಿಲ್ಲಗೊಡಲಿಲ್ಲ. ಆದರೂ ಅವರು ಮುಟ್ಟುವ ಹೊತ್ತಿಗೆ ಅಂಗಳದಲ್ಲಿ ಮಣ್ಣಿಗೆಂದು ಜನ ಸೇರಿ ಆಗಿತ್ತು. ತಿರುಗಿ ಬಂದ ಮಗನನ್ನು ಅತ್ತೆ ಕಟ್ಟೆಯ ಮೇಲೆ ಕೂಡ್ರಿಸಿದರು. ನೀರು ಕೊಟ್ಟರು, ಕಾಲಿಗೆ ಎಣ್ಣೆ ತಿಕ್ಕಿದರು.

ಆ ವರ್ಷ ನಮ್ಮ ಮನೆಯ ಮೇಲೆ ಮಾಳಿಗೆ ಎಬ್ಬಿಸಬೇಕೆಂದು ಅತ್ತೆ ಬಹಳ ದಿನದಿಂದ ದುಡ್ಡು ಕೂಡಿಸಿಟ್ಟಿದ್ದರು. ಹೊಲದ ಮೆಣಸಿನಕಾಯಿ, ಅರಳೆ ಮಾರಿ ಬಂದದ್ದರಲ್ಲಿ ಸ್ವಲ್ಪ ಸ್ವಲ್ಪ ಉಳಿಸಿದ ದುಡ್ಡು ಅದು. ತೊಲೆಗಳಿಗೆ ಸಾಗವಾನಿ ನೋಡಿಯೂ ಬಂದಿದ್ದರು. ಒಂದು ದಿನ ಊಟಕ್ಕೆ ಕುಳಿತಾಗ ಮಗನಿಗೆ ಹೇಳಿದರು:

“ಮಾಳಿಗಿ ಈಗ ಬ್ಯಾಡ. ಅದು ನಿಂತಲ್ಲೆ ನಿಂತಿರ್ತೈತಿ. ನೀ ಒಂದು ಮೋಟಾರ ನೋಡು. ಅದು ಮಂದೀ ಮನಿಗೆ ಹೊಕ್ಕೈತಿ.”

ಇವರು ರೊಟ್ಟಿ ಹಿಡಿದ ಕೈ ಹಾಗೇ ನಿಲ್ಲಿಸಿ ತಾಯಿಯನ್ನು ನೋಡಿದರು. ಮಾಳಿಗೆಯ ದುಡ್ಡಿಗೆ ಹೊಸ ಮೋಟಾರು ಬರುವ ಮಾತೇ ಇರಲಿಲ್ಲ. ಯಾರೋ ಬಳಸಿ ಬಿಟ್ಟದ್ದನ್ನು ಕೊಳ್ಳಬೇಕು, ಕೊಂಡದ್ದು ಕೈಕೊಡಬಾರದು. ಕೈಕೊಟ್ಟರೆ ಮಾಳಿಗೆಯೂ ಹೋಯಿತು, ಮೋಟಾರೂ ಹೋಯಿತು. ಅದಕ್ಕೆ ಅತ್ತೆ ಇನ್ನೊಂದು ಮಾತು ಸೇರಿಸಿದರು: ಗಂಡನ ಸಂಗಡ ನಾನೂ ಹೋಗಬೇಕು. ಅವರ ಮಗ ಬದನೆಕಾಯಿಗೆ ಸಹ ಚೌಕಾಶಿ ಮಾಡಿದವನಲ್ಲ, ಹೇಳಿದ ರೇಟಿಗೆ ಕೊಟ್ಟು ಮೇಲೆ ನಮಸ್ಕಾರ ಮಾಡಿ ಬರುವವನು ಎಂಬುದು ಅವರಿಗೆ ಗೊತ್ತಿತ್ತು.

ಮೊದಲು ಹುಬ್ಬಳ್ಳಿಗೆ ಹೋದೆವು. ಹಳೆಯ ಗಾಡಿಗಳನ್ನು ಮಾರಿಸುವ ದಲಾಲಿಯೊಬ್ಬ ನಮಗೊಂದು ಮೋಟಾರು ತೋರಿಸಿದ. ಕುಂಕುಮದ ಬಣ್ಣ, ಕನ್ನಡಿಯ ಹಾಗೆ ಹೊಳಪು. ಇವರಿಗೆ ನೋಡಿದ ಕೂಡಲೇ ಮನಸ್ಸಾಯಿತು. ಗಾಡಿಯ ಯಜಮಾನರು ವಾರಕ್ಕೊಮ್ಮೆ ಹೊರಗೆ ತೆಗೆಯುತ್ತಿದ್ದರೆಂದೂ, ಉಳಿದ ದಿನ ಅದು ಮುಸುಕು ಹೊದ್ದು ನಿಂತಿರುತ್ತಿತ್ತೆಂದೂ ದಲಾಲಿ ಹೇಳಿದ. ಆ ದಿನ ಮುಂಜಾನೆಯಿಂದ ಅದನ್ನು ಯಾರೂ ಮುಟ್ಟಿಲ್ಲ, ಈಗ ನೋಡಿ ಹೇಗೆ ಚಾಲೂ ಆಗುತ್ತದೆ ಎಂದು ಗಾಡಿಯ ಮೂತಿಗೆ ಕಬ್ಬಿಣದ ಹ್ಯಾಂಡಲ್ ಸಿಕ್ಕಿಸಿ ಹೊಡೆದ. ಒಂದೇ ಏಟಿಗೆ ಚಾಲೂ ಆಯಿತು.

ಗಂಡಸರು ಮಾತಾಡುತ್ತಿರುವಾಗ ನಾನು ಸುತ್ತ ತಿರುಗಿ ನೋಡುತ್ತಿದ್ದೆ. ಮೋಟಾರಿನ ವಿದ್ಯೆ ನನಗೇನೂ ಇರಲಿಲ್ಲ. ಆದರೆ ಡ್ರೈವರ್ ಕಾಲಿಡುವ ಜಾಗದ ರಬ್ಬರು ಪೂರ್ತಿ ಸವೆದು, ಒಳಗಿನ ಕಬ್ಬಿಣ ನಮ್ಮ ಬೀಸುವ ಕಲ್ಲಿನ ಗೂಟದ ಹಾಗೆ ನುಣುಪಾಗಿತ್ತು. ವಾರಕ್ಕೊಮ್ಮೆ ತುಳಿದರೆ ಹಾಗೆ ಸವೆಯುವುದುಂಟೇ? ಅವನು ಹ್ಯಾಂಡಲ್ ಹೊಡೆಯುವ ಮೊದಲು ಮುಂದಿನ ಮುಚ್ಚಳದ ಮೇಲೆ ಸುಮ್ಮನೆ ಅಂಗೈ ಇಟ್ಟಿದ್ದೆ. ಬಿಸಿಯಾಗಿತ್ತು. ಅಲ್ಲೊಂದು ನೆರಳಿನ ಚಪ್ಪರ, ಬಿಸಿಲು ಬೀಳುವ ಜಾಗವೇ ಅಲ್ಲ. ನಾನು ಇವರ ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ:

“ಮುಂಜಾನಿಂದ ಮುಟ್ಟಿಲ್ಲ ಅಂತಾರ. ನಾವು ಬಂದಾಗನ ಮುಚ್ಚಳ ಒಲಿ ಹಂಗ ಸುಡಾಕತ್ತಿತ್ತು.”

ಇವರು ನನ್ನ ಮುಖ ನೋಡಿದರು, ಮೋಟಾರು ನೋಡಿದರು. ಆಮೇಲೆ ದಲಾಲಿಗೆ ನಮಸ್ಕಾರ ಮಾಡಿ ಕೋಲೂರುತ್ತ ಟಾಂಗಾದ ಕಡೆಗೆ ನಡೆದರು. ದಾರಿಯುದ್ದಕ್ಕೂ ಬಣ್ಣ ಮಾತ್ರ ಛಲೋ ಇತ್ತು ಎಂದು ಒಂದೆರಡು ಸಲ ಅಂದುಕೊಂಡರು. ನನಗೆ ನಗು ಬಂತು, ಸೆರಗು ಅಡ್ಡ ಹಿಡಿದೆ.

ಸವಣೂರಿನ ಗಾಡಿಯ ಸುದ್ದಿ ತಂದವನು ವೀಳ್ಯದೆಲೆಯ ವ್ಯಾಪಾರಿ. ಹಾನಗಲ್ಲಿನ ಸಂತೆಗೆ ಸವಣೂರೆಲೆಯ ಪೆಂಡಿ ತರುತ್ತಿದ್ದ, ಇವರಲ್ಲಿ ಔಷಧ ತೆಗೆದುಕೊಳ್ಳುತ್ತಿದ್ದ. ಅವನ ತೋಟದ ಹತ್ತಿರದ ಒಂದು ದೊಡ್ಡ ಮುಸಲ್ಮಾನ ಮನೆತನದಲ್ಲಿ ಯಜಮಾನರು ತೀರಿಕೊಂಡಿದ್ದರು. ಅವರು ಮುಂಬಯಿಯಿಂದ ತರಿಸಿದ ವಿಲಾಯತಿ ಗಾಡಿ ಕೊಟ್ಟಿಗೆಯಲ್ಲಿ ಕಟ್ಟಿಗೆಯ ದಿಮ್ಮಿಗಳ ಮೇಲೆ ನಿಂತಿತ್ತು. ಅದು ದೊರೆಗಳು ಕೂಡುವಂಥ ಗಾಡಿ. ಯಜಮಾನಿ ಬೀಬಿಯವರು ಅದನ್ನು ಮಾರುವವರಿದ್ದರು. ಆದರೆ ಗೋಷಾದಲ್ಲಿರುವವರು, ಪರಗಂಡಸರ ಎದುರಿಗೆ ಬರುವುದಿಲ್ಲ. ಕಾರಭಾರಿಯ ಮೂಲಕ ಮಾತಾಡಿದವರನ್ನೆಲ್ಲ ಒಲ್ಲೆ ಎಂದು ಕಳಿಸಿದ್ದರು. ಮನೆಯ ಹೆಣ್ಣುಮಕ್ಕಳು ಹೋದರೆ ಮಾತು ಕುದುರಬಹುದು ಎಂದು ವ್ಯಾಪಾರಿ ನನ್ನ ಕಡೆ ನೋಡಿ ಹೇಳಿದ.

ನನ್ನ ಗಂಡನಿಗೆ ಅನುಮಾನ. ನಮ್ಮಂಥವರಿಗೆ ಅಷ್ಟು ದೊಡ್ಡ ಗಾಡಿ ಏಕೆ, ಪೆಟ್ರೋಲು ಕುಡಿದೇ ಮನೆ ತೊಳೆದುಬಿಡುತ್ತದೆ ಎಂದರು. ಅದು ನಿಜವಾದ ಮಾತು. ಬೆಲೆ ಇಳಿದದ್ದೂ ಅದಕ್ಕೇ. ದುಡ್ಡಿದ್ದವರು ಹೊಸ ಮಾದರಿಯದನ್ನು ಕೊಳ್ಳುತ್ತಿದ್ದರು, ಇಲ್ಲದವರು ಇದನ್ನು ಸಾಕಲಾರರು. ಆದರೆ ಸಣ್ಣ ಗಾಡಿಗಳ ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು; ನಮ್ಮ ಕಡೆಯ ಚಕ್ಕಡಿ ಜಾಡಿನಲ್ಲಿ ಅವು ಕೂತರೆ ಏಳುವುದಿಲ್ಲ. ಹುಬ್ಬಳ್ಳಿಯಿಂದ ಬರುವಾಗ ಅಂಥದೊಂದನ್ನು ಎತ್ತು ಕಟ್ಟಿ ಎಳೆಯುವುದನ್ನು ಇಬ್ಬರೂ ನೋಡಿದ್ದೆವು. ಅದನ್ನು ನೆನಪು ಮಾಡಿಕೊಟ್ಟೆ. ನೋಡಿಯಾದರೂ ಬರೋಣ ಎಂದರು.

ಸವಣೂರಿಗೆ ಹೋಗುವ ಮೊದಲು ವ್ಯಾಪಾರಿಯ ಕೈಲಿ ಒಂದು ಮಾತು ಹೇಳಿ ಕಳಿಸಿದ್ದೆ: ನಾವು ಬರುವತನಕ ಗಾಡಿಯನ್ನು ಯಾರೂ ಚಾಲೂ ಮಾಡಬಾರದು. ಹೋದ ಕೂಡಲೇ ಕೊಟ್ಟಿಗೆಗೆ ಹೋಗಿ ಮುಚ್ಚಳದ ಮೇಲೆ ಕೈಯಿಟ್ಟೆ. ತಣ್ಣಗೆ ಕಲ್ಲಿನಂತಿತ್ತು.

ಎಂಥ ಗಾಡಿ ಅದು! ಕಡುಹಸಿರು ಬಣ್ಣ, ಅಲ್ಲಲ್ಲಿ ಮಾಸಿತ್ತು. ಕಮಾನಿನ ಹಾಗೆ ಬಾಗಿದ ಮಡ್ಗಾರ್ಡು. ಒಳಗೆ ತೊಗಲಿನ ಮೆತ್ತೆ, ಕಿಡಕಿಗಳಿಗೆ ರೇಷ್ಮೆಯ ಪರದೆ. ಹಿಂದಿನ ಸೀಟಿನ ಎದುರಿಗೆ ಎರಡು ಮಡಚುವ ಕುರ್ಚಿಗಳು. ಅವನ್ನು ಮಡಚಿದರೆ ಒಬ್ಬ ಮನುಷ್ಯ ಉದ್ದಕ್ಕೆ ಮಲಗುವಷ್ಟು ಜಾಗ. ಡ್ರೈವರನಿಗೂ ಹಿಂದೆ ಕೂತವರಿಗೂ ನಡುವೆ ಗಾಜಿನ ಗೋಡೆ. ಮಾತಾಡಬೇಕೆಂದರೆ ಹಿಂದಿನವರ ಕೈಯಲ್ಲೊಂದು ನಳಿಕೆ. ಅದರಲ್ಲಿ ಹೇಳಿದ್ದು ಡ್ರೈವರನ ಕಿವಿಯ ಹತ್ತಿರ ಕೇಳುತ್ತಿತ್ತು. ನನ್ನ ಗಂಡ ಆ ಮಲಗುವ ಜಾಗವನ್ನು ಕೋಲಿನಿಂದ ಅಳೆದರು. ಅವರ ಅನುಮಾನ ಹೋದದ್ದು ಅಲ್ಲಿಯೇ ಎಂದು ನನಗೆ ಗೊತ್ತಾಯಿತು.

ಅವರನ್ನು ಹೊರಗಿನ ಪಡಸಾಲೆಯಲ್ಲಿ ಕೂಡ್ರಿಸಿ ನನ್ನನ್ನು ಒಳಗೆ ಕರೆದರು. ಬೀಬಿಯವರು ನಮ್ಮತ್ತೆಯ ವಯಸ್ಸಿನವರು, ಬಿಳಿಯ ಬಟ್ಟೆ, ಮೈಮೇಲೆ ಒಂದೂ ಒಡವೆ ಇರಲಿಲ್ಲ. ಎಲೆ, ಅಡಿಕೆ, ಸಕ್ಕರೆ ತಂದಿಡಿಸಿದರು. ನಾನು ಎಲೆ ಹಾಕಿಕೊಂಡೆ. ಊರಿನ ಎಲೆಯನ್ನು ಹೊಗಳಿದೆ. ಅವರು ನೇರವಾಗಿ ವಿಷಯಕ್ಕೆ ಬಂದರು.

“ಮೋಟಾರಿನ ಬಗ್ಗೆ ನಿನಗೇನ ಗೊತ್ತೈತಿ, ಬೇಟಿ?”

“ಏನೂ ಗೊತ್ತಿಲ್ಲರಿ. ಅದಕ್ಕ ನಿಮ್ಮನ್ನ ಕೇಳಾಕ ಬಂದೇನಿ. ಇದರಾಗ ಕೆಟ್ಟಿದ್ದು ಏನೇನೈತಿ, ನೀವ ಹೇಳ್ರಿ.”

ಅವರು ನನ್ನ ಹತ್ತಿರಕ್ಕೆ ಸರಿದು ಕುಳಿತರು. ಆಮೇಲೆ ಒಂದೊಂದಾಗಿ ಹೇಳಿದರು. ತಾನಾಗಿ ಚಾಲೂ ಆಗುವ ಯಂತ್ರ ಕೆಟ್ಟಿದೆ, ಹ್ಯಾಂಡಲೇ ಹೊಡೆಯಬೇಕು. ಹಿಂದಿನ ಗಾಲಿಯ ಮೇಲೆ ಭಾರ ಹೊರುವ ಒಂದು ಕಮಾನುಪಟ್ಟಿ ಮುರಿದು ಧಾರವಾಡದಲ್ಲಿ ಹೊಸದು ಹಾಕಿಸಿದ್ದು. ಮಳೆ ಜೋರಾದರೆ ಎಡಗಡೆಯ ಕಿಡಕಿಯಲ್ಲಿ ನೀರು ಸೋರುತ್ತದೆ. ಟಾಯರುಗಳಲ್ಲಿ ಎರಡು ಹಳೆಯವು. ಇಷ್ಟು ಹೇಳಿ, ಉಳಿದದ್ದೆಲ್ಲ ನೆಟ್ಟಗಿದೆ ಎಂದರು.

“ಸುಳ್ಳ ಹೇಳಿ ಮಾರಿದ್ರ ಗಾಡಿ ಊರೂರ ತಿರಗಿ ನನ್ನ ಸುಳ್ಳ ಸಾರತೈತಿ. ನಮ್ಮ ಮನಿತನಕ್ಕ ಅದು ಬ್ಯಾಡ.”

ಆ ಮಾತು ಕೇಳಿದ ಮೇಲೆ ನನಗೆ ಧೈರ್ಯ ಬಂತು. ಆದರೆ ಬೆಲೆಯ ಮಾತಿಗೆ ಅವರು ಬಹಳ ಗಟ್ಟಿ. ನಾನು ಇಳಿಸಿ ಕೇಳಿದೆ, ಅವರು ತಲೆ ಅಲ್ಲಾಡಿಸಿದರು. ಡಾಕ್ಟರ ಕೆಲಸಕ್ಕೆ ಎಂದು ಹೇಳಿದೆ. ಕೆಲಸ ಛಲೋದು, ಆದರೆ ಗಾಡಿಯೂ ಛಲೋದು ಎಂದರು. ಮಾಳಿಗೆಯ ಸಂಗತಿ ಹೇಳಿದೆ. ಅದಕ್ಕೆ ಮಾತ್ರ ಸ್ವಲ್ಪ ಇಳಿದರು, ಸ್ವಲ್ಪವೇ. ಅಲ್ಲಿಗೆ ನಮ್ಮಲ್ಲಿದ್ದದ್ದೂ ಅವರು ಕೇಳಿದ್ದೂ ಸರಿಹೋಯಿತು. ಟಾಯರಿಗೆ ಏನೂ ಉಳಿಯಲಿಲ್ಲ. ನಾನು ಎದ್ದು ಹೊರಡಲಿಲ್ಲ. ಎಲೆಯ ತೊಟ್ಟು ಮುರಿಯುತ್ತ ಯೋಚನೆ ಮಾಡಿದೆ. ಕೊನೆಗೆ, ಬೆಲೆ ನೀವು ಹೇಳಿದಷ್ಟೇ ಇರಲಿ, ಆದರೆ ಕೊಟ್ಟಿಗೆಯ ಅಟ್ಟದ ಮೇಲೆ ಎರಡು ಹೊಸ ಟಾಯರು ಕಂಡೆ, ಅವು ಗಾಡಿಯ ಸಂಗಡ ಬರಬೇಕು. ಮತ್ತು ನಿಮ್ಮ ಡ್ರೈವರನನ್ನು ಮಳೆಗಾಲ ಮುಗಿಯುವತನಕ ನಮ್ಮಲ್ಲಿಗೆ ಕಳಿಸಬೇಕು, ಅವನ ಪಗಾರ ನಿಮ್ಮದು, ಊಟ ನಮ್ಮದು ಎಂದೆ.

ಬೀಬಿಯವರು ಮೊದಲ ಸಲ ನಕ್ಕರು. “ನಿಮ್ಮತ್ತಿ ನಿನ್ನ ಯಾಕ ಕಳಿಸ್ಯಾಳ ಅಂತ ಈಗ ತಿಳೀತು” ಎಂದರು.

ಗಾಡಿಯನ್ನು ದಿಮ್ಮಿಗಳ ಮೇಲಿನಿಂದ ಇಳಿಸಿ, ಎಣ್ಣೆ ನೀರು ಹಾಕಿ ಚಾಲೂ ಮಾಡಿದರು. ತಣ್ಣಗಿನ ಗಾಡಿ, ಮೂರ್ನಾಲ್ಕು ಏಟು ಹೊಡೆದ ಮೇಲೆ ಎದ್ದಿತು. ಎದ್ದ ಮೇಲೆ ಶಬ್ದವೇ ಕಡಿಮೆ. ಬೆಕ್ಕು ಮಗ್ಗುಲಲ್ಲಿ ಮಲಗಿ ಗುರುಗುಟ್ಟಿದ ಹಾಗೆ. ನಾನು ಸುಮ್ಮನೆ ಒಪ್ಪಲಿಲ್ಲ. ಊರ ಹೊರಗಿನ ಕೆಟ್ಟ ದಾರಿಗೆ ಹೊಡೆಸಿ, ಏರಿನಲ್ಲಿ ನಿಲ್ಲಿಸಿ, ಆರಿಸಿ, ಮತ್ತೆ ಚಾಲೂ ಮಾಡಿಸಿದೆ. ಅಲ್ಲಿಯೂ ಎದ್ದಿತು. ಹಿಂದೆ ಹೊಗೆ ನೋಡಿದೆವು, ನೀಲಿ ಇರಲಿಲ್ಲ. ಎಣ್ಣೆ ಸುಡುವ ಗಾಡಿಗೆ ನೀಲಿ ಹೊಗೆ ಬರುತ್ತದೆಂದು ಇವರು ಎಲ್ಲೋ ಓದಿಕೊಂಡಿದ್ದರು.

ಹಾನಗಲ್ಲಿಗೆ ಬಂದ ದಿನ ಮನೆಯ ಮುಂದೆ ಜಾತ್ರೆಯಷ್ಟು ಜನ. ಅತ್ತೆ ತೆಂಗಿನಕಾಯಿ ಒಡೆದು, ಮುಂದಿನ ದೀಪಗಳಿಗೆ ವಿಭೂತಿ ಹಚ್ಚಿದರು. ಮಾಳಿಗೆ ಕಟ್ಟುವವರು ಮೋಟಾರು ಕಟ್ಟಿಕೊಂಡರು ಎಂದು ಊರಿನಲ್ಲಿ ಕೆಲವರು ಆಡಿಕೊಂಡರು. ಅತ್ತೆಯ ಕಿವಿಗೂ ಅದು ಬಿತ್ತು. ಅವರು ಆಡಿಕೊಂಡವರ ಮನೆಯ ಸೊಸೆಯನ್ನೇ ಮರುವಾರ ಅದರಲ್ಲಿ ಕೂಡ್ರಿಸಿ ತವರಿಗೆ ಕಳಿಸಿದರು.

ಬೀಬಿಯವರ ಡ್ರೈವರ್ ವಯಸ್ಸಾದ ಮನುಷ್ಯ, ಮಾತು ಕಡಿಮೆ. ಉಳಿದ ಮಳೆಗಾಲವಿಡೀ ಅವನು ಗಾಡಿ ನಡೆಸಿದ. ಇವರು ಶಿಗ್ಗಾವಿ, ಹಿರೇಕೆರೂರು ಕಡೆಯ ಹಳ್ಳಿಗಳಿಗೆ ಹೋಗಿ ಅದೇ ದಿನ ತಿರುಗಿ ಬರುವುದನ್ನು ಕಂಡು ನಮಗೇ ನಂಬಿಕೆಯಾಗುತ್ತಿರಲಿಲ್ಲ. ಆದರೆ ಮಳೆ ಮುಗಿಯುತ್ತ ಬಂತು. ಹೊಸ ಡ್ರೈವರನನ್ನು ಇಡಬೇಕೆಂದರೆ ಅವನ ಪಗಾರ ಎಲ್ಲಿಂದ ತರುವುದು? ನಮ್ಮ ರೋಗಿಗಳಲ್ಲಿ ಅರ್ಧ ಜನ ಜೋಳ ಕೊಡುತ್ತಿದ್ದರು, ಉಳಿದವರು ಮುಂದಿನ ಸುಗ್ಗಿಗೆ ಕೊಡುತ್ತೇವೆ ಎನ್ನುತ್ತಿದ್ದರು. ಇವರ ಎಡಗಾಲಿಗೆ ಕ್ಲಚ್ಚು ಒತ್ತುವ ಶಕ್ತಿ ಇರಲಿಲ್ಲ. ಒತ್ತಿ ನೋಡಿದರು, ಬೆವರಿಳಿಯಿತು, ಕಾಲು ಏಳಲಿಲ್ಲ. ಆ ದಿನ ಅವರ ಮುಖ ನೋಡಲಾಗಲಿಲ್ಲ.

ನಾನು ಕಲಿಯುತ್ತೇನೆ ಎಂದದ್ದು ಆಗ. ಅತ್ತೆ ಏನನ್ನುತ್ತಾರೋ ಎಂದು ಅವರ ಕಡೆ ತಿರುಗಿದೆ. ಅವರು ಬೇಳೆ ಆರಿಸುವುದನ್ನು ನಿಲ್ಲಿಸದೆ ಕೇಳಿದರು:

“ತೌರಮನ್ಯಾಗ ಚಕ್ಕಡಿ ಹೊಡೀತಿದ್ದಿ ಅಲ್ಲ?”

“ಹೊಡೀತಿದ್ದೆನ್ರಿ.”

“ಎತ್ತಿಗೆ ಮನಸ್ಸರ ಇರ್ತೈತಿ, ಹೇಳಿದ್ದು ಕೇಳೂದಿಲ್ಲ. ಇದಕ್ಕ ಮನಸ್ಸಿಲ್ಲ. ಕಲಿ.”

ಆನೆಕೆರೆಯ ಹತ್ತಿರದ ಬಯಲಿನಲ್ಲಿ ಕಲಿತೆ. ಮುಂಜಾನೆ, ಜನ ಏಳುವ ಹೊತ್ತಿಗೆ. ಕ್ಲಚ್ಚು ಒತ್ತುವಾಗ ಕಾಲುಂಗುರ ಕಬ್ಬಿಣಕ್ಕೆ ತಾಗಿ ಟಿಣ್ ಎನ್ನುತ್ತಿತ್ತು. ಗೇರು ಹಾಕುವಾಗ ಶಬ್ದವಾದರೆ ಕಲಿಸುತ್ತಿದ್ದ ಆ ಹಿರಿಯ ಡ್ರೈವರ್ ಕಣ್ಣು ಮುಚ್ಚಿಕೊಳ್ಳುತ್ತಿದ್ದ, ತನಗೇ ನೋವಾದವನಂತೆ. ಒಂದು ಮುಂಜಾನೆ ಕಣ್ಣು ಮುಚ್ಚಲಿಲ್ಲ. ಅವತ್ತು ನನಗೆ ಬಂತು ಎಂದುಕೊಂಡೆ. ಮೊದಮೊದಲು ಹುಡುಗರು ಹಿಂದೆ ಓಡಿ ಬರುತ್ತಿದ್ದರು, ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನೋಡುತ್ತಿದ್ದರು. ಕೆಲವು ಹಿರಿಯರು ನನ್ನನ್ನು ನೋಡದ ಹಾಗೆ ತಲೆ ತಿರುಗಿಸಿ ಹೋದರು. ಒಬ್ಬರು ನಮ್ಮ ಮನೆಗೇ ಬಂದು, ಹೆಣ್ಣು ಮೋಟಾರು ನಡೆಸುವ ಮನೆಗೆ ಔಷಧಕ್ಕೆ ಬರುವುದು ಹೇಗೆ ಎಂದು ಇವರನ್ನು ಕೇಳಿದರಂತೆ. ಬರಬೇಕಾಗಿಲ್ಲ, ನಾವೇ ನಿಮ್ಮ ಮನೆಗೆ ಬರುತ್ತೇವೆ, ಅವಳು ನಡೆಸುತ್ತಾಳೆ ಎಂದು ಇವರು ಹೇಳಿ ಕಳಿಸಿದರು.

ಲೈಸೆನ್ಸಿಗೆ ಧಾರವಾಡಕ್ಕೆ ಹೋಗಬೇಕಾಯಿತು. ಪರೀಕ್ಷೆ ಮಾಡುವ ಪೊಲೀಸ್ ಅಧಿಕಾರಿ ಗಾಡಿ ನೋಡಿ, ನನ್ನನ್ನು ನೋಡಿ, ಡ್ರೈವರ್ ಎಲ್ಲಿ ಎಂದು ಕೇಳಿದರು. ನಾನೇ ಎಂದೆ. ಅವರು ಬೇಕೆಂದೇ ಎರಡು ಚಕ್ಕಡಿಗಳ ನಡುವೆ ಆ ಉದ್ದನೆಯ ಗಾಡಿಯನ್ನು ಹಿಂದಕ್ಕೆ ಹೊಡೆದು ನಿಲ್ಲಿಸಲು ಹೇಳಿದರು. ಚಕ್ಕಡಿ ಹಿಂದಕ್ಕೆ ತಳ್ಳಿ ಕೊಟ್ಟಿಗೆಗೆ ಹಾಕಿದವರಿಗೆ ಅದು ಹೊಸತಲ್ಲ. ನಿಲ್ಲಿಸಿ ಕೆಳಗಿಳಿದೆ. ಎರಡೂ ಕಡೆ ಒಂದೊಂದು ಗೇಣು ಜಾಗ ಬಿಟ್ಟಿತ್ತು. ಅಧಿಕಾರಿಗಳು ಒಳಗೆ ಹೋಗಿ ಸಹಿ ಮಾಡಿಕೊಟ್ಟರು. ಹೊರಗೆ ಕೂತಿದ್ದ ನನ್ನ ಗಂಡ ಆ ಕಾಗದವನ್ನು ಮಡಚಲಿಕ್ಕೂ ಬಿಡದೆ ಹಾನಗಲ್ಲಿನತನಕ ಕೈಯಲ್ಲೇ ಹಿಡಿದುಕೊಂಡು ಬಂದರು.

ಡ್ರೈವರನನ್ನು ಸವಣೂರಿಗೆ ಬಿಡಲು ನಾನೇ ಗಾಡಿ ತೆಗೆದುಕೊಂಡು ಹೋದೆ. ಬೀಬಿಯವರು ಕಿಡಕಿಯಿಂದ ನೋಡಿದ್ದರು. ಬುರುಖಾ ಹಾಕಿಕೊಂಡು ಹೊರಗೆ ಬಂದು, ಹಿಂದಿನ ಬಾಗಿಲು ತೆರೆದ ಆಳಿಗೆ ಬೇಡವೆಂದು ಸನ್ನೆ ಮಾಡಿ, ಮುಂದೆ ನನ್ನ ಮಗ್ಗುಲಿಗೆ ಕುಳಿತರು. ಎಲೆತೋಟಗಳ ಕಡೆಗೆ ಒಂದು ಸುತ್ತು ಹೋಗಿ ಬಂದೆವು. ಅವರು ಮುಖದ ಮೇಲಿನ ಬಟ್ಟೆ ಎತ್ತಿ ನೇರವಾಗಿ ಎದುರಿಗೆ ನೋಡುತ್ತಿದ್ದರು.

“ಇಷ್ಟ ವರ್ಷ ಈ ದಾರಿ ಹಿಂದ ಕುಂತು ಪರದೆಯೊಳಗಿಂದ ನೋಡೇನಿ. ಮುಂದಿಂದ ನೋಡಿದ್ರ ಬ್ಯಾರೆ ದಾರೀನ ಐತಿ” ಎಂದರು.

ಆ ಗಾಡಿ ನಮಗೆ ಏನು ಎಂಬುದು ಪೂರ್ತಿ ತಿಳಿದದ್ದು ಮುಂದಿನ ಮಳೆಗಾಲದಲ್ಲಿ. ಚಿಕ್ಕೇರೂರಿನಿಂದ ನನ್ನ ಅಣ್ಣ ಮನುಷ್ಯನನ್ನು ಕಳಿಸಿದ. ಅತ್ತಿಗೆಗೆ ಹೆರಿಗೆ ಬೇನೆ ಹಿಂದಿನ ದಿನದಿಂದ ಎದ್ದಿದೆ, ಕೂಸು ಬರಲೊಲ್ಲದು. ಅತ್ತಿಗೆ ನನಗಿಂತ ಸ್ವಲ್ಪ ದೊಡ್ಡವಳು. ನಾವಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡವರು. ಕೂಡಲೇ ಹೊರಟೆವು. ಹೋಗುವಾಗ ದಾರಿಯ ಹಳ್ಳದಲ್ಲಿ ನೀರು ಪಾದ ಮುಳುಗುವಷ್ಟಿತ್ತು, ದಾಟಿದೆವು. ಇವರು ಒಳಗೆ ಹೋಗಿ ನೋಡಿ ಹೊರಗೆ ಬಂದಾಗ ಮುಖ ಬಿಗಿದಿತ್ತು. ಕೂಸು ಅಡ್ಡ ತಿರುಗಿದೆ, ಇಲ್ಲಿ ತನ್ನಿಂದ ಆಗುವುದಿಲ್ಲ, ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಒಯ್ಯಬೇಕು ಎಂದರು. ಅಣ್ಣ ಗೋಡೆ ಹಿಡಿದು ಕುಳಿತುಬಿಟ್ಟ. ಚಕ್ಕಡಿಯಲ್ಲಿ ಹುಬ್ಬಳ್ಳಿ ಎಂದರೆ ಒಯ್ಯದಿದ್ದಂತೆಯೇ.

ಮಡಚುವ ಕುರ್ಚಿಗಳನ್ನು ಮಡಚಿ, ಗಾದಿ ಹಾಸಿ, ಅತ್ತಿಗೆಯನ್ನು ಹಿಂದೆ ಉದ್ದಕ್ಕೆ ಮಲಗಿಸಿದೆವು. ಇವರು ಅವಳ ಮಗ್ಗುಲಿಗೆ ಕುಳಿತರು, ನನ್ನವ್ವ ತಲೆಯ ಹತ್ತಿರ. ಅಣ್ಣ ನನ್ನ ಸಂಗಡ ಮುಂದೆ. ಮಳೆ ಬಿಟ್ಟಿರಲಿಲ್ಲ. ಬರುವಾಗ ದಾಟಿದ ಹಳ್ಳಕ್ಕೆ ಬಂದು ನೋಡಿದರೆ ನೀರು ಕೆಂಪಗೆ ಏರಿ ನಿಂತಿತ್ತು. ದಂಡೆಯ ಮೇಲೆ ನಾಲ್ಕಾರು ಜನ ಒಕ್ಕಲಿಗರು ನೀರಿಳಿಯಲೆಂದು ಕಾಯುತ್ತ ನಿಂತಿದ್ದರು. ಅವರಲ್ಲಿ ಒಬ್ಬರು ಮೋಟಾರು ದಾಟುವುದಿಲ್ಲ, ಇಳಿಯುವತನಕ ಕೂಡ್ರಿ ಎಂದರು. ಸಂಜೆಗೆ ಇಳಿಯಬಹುದು ಎಂದರು. ನಾನು ನಳಿಕೆಯ ಮುಂದಿನ ತುದಿಗೆ ಬಾಯಿಟ್ಟು ಇವರನ್ನು ಕೇಳಿದೆ, ಕಾಯಬಹುದೇ ಎಂದು. ಗಾಜಿನಾಚೆ ಇವರು ಅತ್ತಿಗೆಯ ನಾಡಿ ಹಿಡಿದು ನೋಡಿದರು. ಆಮೇಲೆ ಕಿವಿಯ ಹತ್ತಿರ ಅವರ ದನಿ ಬಂತು:

“ಕಾಯಾಕ ಬರೂದಿಲ್ಲ. ನಿನಗ ಆಕ್ಕೈತಿ ಅನಿಸಿದ್ರ ಹೋಗು.”

ನಾನು ಕೆಳಗಿಳಿದೆ. ಸವಣೂರಿನ ಡ್ರೈವರ್ ನನಗೆ ನೀರು ದಾಟುವುದನ್ನು ಕೆರೆಯ ಕೋಡಿಯಲ್ಲಿ ಕಲಿಸಿದ್ದ. ಯಂತ್ರದ ಮುಂದಿನ ಪಂಖಾ ತಿರುಗುತ್ತಿದ್ದರೆ ನೀರನ್ನು ಎರಚಿ ಗಾಡಿಯನ್ನು ಆರಿಸಿಬಿಡುತ್ತದೆ. ಅದರ ಪಟ್ಟಾ ಬಿಚ್ಚಿದೆ. ಮುಂದೆ ಗೋಣಿಚೀಲ ಕಟ್ಟಿದೆ. ಒಕ್ಕಲಿಗರಲ್ಲಿ ಒಬ್ಬರು ಕೋಲು ಹಿಡಿದು ಹಳ್ಳಕ್ಕಿಳಿದು, ತಳ ಗಟ್ಟಿಯಿದ್ದಲ್ಲಿ ನಿಂತು ನನಗೆ ದಾರಿ ತೋರಿಸಿದರು. ನೀರು ಅವರ ತೊಡೆಗೆ ಬಂದಿತ್ತು. ಮೊದಲನೆಯ ಗೇರಿಗೆ ಹಾಕಿ ಇಳಿಸಿದೆ. ಕಾಲು ಸಡಿಲಿಸಬಾರದು, ಗೇರು ಬದಲಿಸಬಾರದು, ಅಷ್ಟೇ ತಲೆಯಲ್ಲಿತ್ತು. ನೀರು ಕಾಲಿಡುವ ಹಲಗೆ ದಾಟಿ ಒಳಗೆ ಬಂತು, ನನ್ನ ಪಾದ ತಣ್ಣಗಾಯಿತು. ನಡುಹಳ್ಳದಲ್ಲಿ ಗಾಡಿ ಒಮ್ಮೆ ಓರೆಯಾಯಿತು. ಅಣ್ಣ ಶಿವ ಶಿವ ಎನ್ನುತ್ತಿದ್ದ. ಹಗುರಾದ ಗಾಡಿಯಾಗಿದ್ದರೆ ತೇಲುತ್ತಿತ್ತು. ಅದರ ಭಾರವೇ ನಮ್ಮನ್ನು ನೆಲಕ್ಕೆ ಹಿಡಿದಿತ್ತು. ಎದುರಿನ ದಂಡೆಗೆ ಮುಂದಿನ ಗಾಲಿ ತಾಗಿ ಮೇಲಕ್ಕೆದ್ದಾಗ, ಕಾಯುತ್ತಿದ್ದ ಜನ ಹಿಂದಿನಿಂದ ಕೂಗಿದ್ದು ಕೇಳಿಸಿತು.

ಪಟ್ಟಾ ಮತ್ತೆ ಹಾಕಿ ಹೊರಟೆ. ಹಾನಗಲ್ಲಿನಲ್ಲಿ ನಿಲ್ಲಿಸಲಿಲ್ಲ. ಮನೆಯ ಮುಂದೆ ಹಾಯುವಾಗ ಕಟ್ಟೆಯ ಮೇಲೆ ಅತ್ತೆ ಕಂಡರು, ಕೈ ಮುಗಿದು ನಿಂತಿದ್ದರು. ಶಿಗ್ಗಾವಿ ದಾಟಿದ ಮೇಲೆ ರಸ್ತೆ ಸ್ವಲ್ಪ ಸುಧಾರಿಸಿತು. ಆಗಾಗ ನಳಿಕೆಯಲ್ಲಿ ಇವರ ದನಿ ಬರುತ್ತಿತ್ತು: ಸಾವಕಾಶ, ಮುಂದೆ ತಗ್ಗು ಕಾಣುತ್ತದೆ, ನಾಡಿ ಇದೆ, ಹೊಡಿ. ಹುಬ್ಬಳ್ಳಿ ಮುಟ್ಟಿದಾಗ ಇನ್ನೂ ಬೆಳಕಿತ್ತು. ದವಾಖಾನೆಯ ಬಾಗಿಲಿಗೆ ನಿಲ್ಲಿಸಿ ಕೈ ಬಿಡಿಸಿಕೊಳ್ಳಲು ನೋಡಿದೆ. ಬೆರಳುಗಳು ಚಕ್ರವನ್ನು ಬಿಡಲಿಲ್ಲ. ಅಣ್ಣ ಒಂದೊಂದೇ ಬೆರಳು ಬಿಡಿಸಿದ.

ಶಸ್ತ್ರಕ್ರಿಯೆ ಮಾಡಿ ಕೂಸನ್ನು ತೆಗೆದರು. ಹೆಣ್ಣುಕೂಸು. ತಾಯಿಯೂ ಉಳಿದಳು. ಅಲ್ಲಿಯ ದೊಡ್ಡ ಡಾಕ್ಟರು ಹೊರಗೆ ಬಂದು, ಇನ್ನೊಂದು ತಾಸು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ, ಇವರನ್ನು ತಂದವರಾರು ಎಂದು ಕೇಳಿದರು. ನನ್ನ ಗಂಡ ಕೋಲನ್ನು ಬಗಲಿಗೆ ಸಿಕ್ಕಿಸಿಕೊಂಡು, ಎರಡೂ ಕೈಯಿಂದ ನನ್ನನ್ನು ತೋರಿಸಿದರು. ಕೆಸರಿನ ಸೀರೆಯಲ್ಲಿ ನಿಂತಿದ್ದ ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅದಾದ ಮೇಲೆ ನಮ್ಮ ಸೀಮೆಯಲ್ಲಿ ಯಾರೂ ತಲೆ ತಿರುಗಿಸಲಿಲ್ಲ. ಮೊದಲು ಜನ ಅದನ್ನು ಬೀಬಿ ಗಾಡಿ ಎನ್ನುತ್ತಿದ್ದರು. ಕ್ರಮೇಣ ಅಕ್ಕಾರ ಗಾಡಿ ಎನ್ನತೊಡಗಿದರು. ಹಳ್ಳಿಗಳಲ್ಲಿ ನಾವು ಬರುವ ಸುದ್ದಿ ತಿಳಿದರೆ ಜಾಡಿನ ತಗ್ಗುಗಳಿಗೆ ಕಲ್ಲು ತುಂಬಿ ಇಡುತ್ತಿದ್ದರು. ಯಾರೂ ಹೇಳಿದ್ದಲ್ಲ. ಎಷ್ಟು ಬಾಣಂತಿಯರು, ಎಷ್ಟು ಹಾವು ಕಡಿದವರು ಆ ತೊಗಲಿನ ಮೆತ್ತೆಯ ಮೇಲೆ ಮಲಗಿ ಹೋದರೋ ಲೆಕ್ಕವಿಟ್ಟಿಲ್ಲ. ಎಲ್ಲರೂ ಉಳಿದರೆಂದು ಹೇಳಿದರೆ ಸುಳ್ಳಾಗುತ್ತದೆ. ಗಾಡಿ ಮಾತ್ರ ಯಾರನ್ನೂ ದಾರಿಯಲ್ಲಿ ಕೈಬಿಡಲಿಲ್ಲ.

ಯುದ್ಧ ಬಂದಾಗ ಪೆಟ್ರೋಲಿಗೆ ಕೂಪನ್ನು ಬಂತು. ಡಾಕ್ಟರೆಂದು ಸ್ವಲ್ಪ ಹೆಚ್ಚು ಕೊಟ್ಟರೂ ಆ ದೊಡ್ಡ ಹೊಟ್ಟೆಗೆ ಸಾಲದು. ಗಾಡಿಯ ಹಿಂದೆ, ಪೆಟ್ರೋಲಿನ ಬದಲಿಗೆ ಇದ್ದಿಲಿನ ಗ್ಯಾಸು ಕೊಡುವ ಕಬ್ಬಿಣದ ಒಲೆಯೊಂದನ್ನು ಕೂಡ್ರಿಸಿದೆವು. ನೀರು ಕಾಯಿಸುವ ಹಂಡೆಯನ್ನು ಬೆನ್ನಿಗೆ ಕಟ್ಟಿಕೊಂಡ ಮದುಮಗಳ ಹಾಗೆ ಕಾಣುತ್ತಿತ್ತು. ಹೊರಡುವ ಮೊದಲು ಇದ್ದಿಲಿಗೆ ಬೆಂಕಿ ಹಚ್ಚಿ ಊದಬೇಕು. ಒಲೆ ಊದಿದವಳಿಗೆ ಅದೇನು ದೊಡ್ಡದು? ಏರುಗಳಲ್ಲಿ ಏದುಸಿರು ಬಿಡುತ್ತಿತ್ತು, ಆದರೂ ಏರುತ್ತಿತ್ತು. ಆ ವರ್ಷಗಳಲ್ಲಿ ಹುಬ್ಬಳ್ಳಿಯ ಎಷ್ಟೋ ಹೊಸ ಗಾಡಿಗಳು ಷೆಡ್ಡಿನಲ್ಲಿ ನಿಂತಿದ್ದವು.

ನಲವತ್ತರ ದಶಕ ಮುಗಿಯುವ ಹೊತ್ತಿಗೆ ಅದರ ಭಾಗಗಳು ಎಲ್ಲಿಯೂ ಸಿಗದಾದವು. ಗೇರಿನ ಹಲ್ಲೊಂದು ಮುರಿಯಿತು, ಮಾಡಿಕೊಡುವವರಿರಲಿಲ್ಲ. ನಾವು ಸಣ್ಣದೊಂದು ಗಾಡಿ ಕೊಂಡೆವು. ಹಳೆಯದನ್ನು ಹಿರೇಕೆರೂರಿನ ಕಡೆಯ ಒಬ್ಬ ಒಕ್ಕಲಿಗರು ಒಯ್ದರು. ಅವರಿಗೆ ಬೇಕಾಗಿದ್ದದ್ದು ಯಂತ್ರ ಮಾತ್ರ. ಅದನ್ನು ಬಾವಿಯ ದಂಡೆಗೆ ಕೂಡ್ರಿಸಿ, ಪಂಪು ಜೋಡಿಸಿ, ಕಬ್ಬಿಗೆ ನೀರು ಹಾಯಿಸಿಕೊಂಡರು.

ಒಂದು ಬೇಸಗೆಯಲ್ಲಿ ಆ ಕಡೆ ಮದುವೆಗೆ ಹೋದಾಗ ನೋಡಲೆಂದು ಅವರ ಹೊಲಕ್ಕೆ ಹೋದೆ. ಸಣ್ಣ ಗಾಡಿ ರಿಪೇರಿಗೆ ಹೋಗಿತ್ತು, ಬಸ್ಸಿನಲ್ಲಿ ಬಂದಿದ್ದೆ. ಒಕ್ಕಲಿಗರು ನನ್ನನ್ನು ಗುರುತು ಹಿಡಿದು, ಮಾವಿನ ಗಿಡದ ನೆರಳಿಗೆ ಕಂಬಳಿ ಹಾಸಿದರು. ಯಂತ್ರ ಅದೇ ಸಣ್ಣ ದನಿಯಲ್ಲಿ ನಡೆಯುತ್ತಿತ್ತು. ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಒಮ್ಮೆಯೂ ಕೈಕೊಟ್ಟಿಲ್ಲರಿ ಎಂದು ಅವರು ಹೇಳಿದರು, ತಾವೇ ಅದನ್ನು ಹೆತ್ತವರ ಹಾಗೆ. ನಾನು ಹೌದೆಂದು ತಲೆಯಾಡಿಸಿ, ಅವರು ಕೊಟ್ಟ ಮಜ್ಜಿಗೆ ಕುಡಿದೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಡ್ರೈವರನ ಹಿಂದಿನ ಸೀಟು ಸಿಕ್ಕಿತು. ಹೊಸ ಹುಡುಗ. ಪ್ರತಿ ಏರಿಗೂ ಗೇರನ್ನು ಕರಕರ ಎನ್ನಿಸುತ್ತಿದ್ದ. ಒಂದು ಏರಿನಲ್ಲಿ ನನ್ನ ಎಡಗಾಲು ತಾನಾಗಿಯೇ, ಕ್ಲಚ್ಚು ಒತ್ತಿದ ಹಾಗೆ, ಬಸ್ಸಿನ ಹಲಗೆಯನ್ನು ಒತ್ತಿತು. ಮಗ್ಗುಲಲ್ಲಿದ್ದ ಹೆಣ್ಣುಮಗಳು ಏನಾಯಿತೆಂದು ಕೇಳಿದಳು. ಏನಿಲ್ಲ ಎಂದೆ. ಆದರೆ ಹಾನಗಲ್ಲು ಬರುವತನಕ ಕಾಲು ತೆಗೆಯಲಿಲ್ಲ.